ಒಬ್ಬರಿಗೆ ಎದೆ ಬಿಗಿಯುತ್ತೆ

ಕೊಪ್ಪದ ಆ ಕ್ಲಿನಿಕ್ಕಿನ ಒಳಕೋಣೆಯಲ್ಲಿ ಆವತ್ತು ನಾವು ಮೂರು ಜನ ಇದ್ದೆವು. ಮೇಜಿನ ಆಚೆ ಡಾಕ್ಟರು, ಈಚೆ ಸ್ಟೂಲಿನ ಮೇಲೆ ರೋಗಿಯಾದ ನಾನು, ನನ್ನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೊಡೆಯನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕೂತ ನಮ್ಮ ಟೀಚರು. ನರ್ಸು ಬಾಗಿಲಲ್ಲಿ ಹೋಗಿ ಬಂದು ಮಾಡುತ್ತಿದ್ದಳು, ಅವಳನ್ನು ಲೆಕ್ಕಕ್ಕೆ ಹಿಡಿದಿಲ್ಲ. ಹಿಡಿಯಬೇಕಾದದ್ದು ಮೇಜಿನ ಮೇಲೆ ಸಣ್ಣ ಸ್ಟ್ಯಾಂಡಿಗೆ ಒರಗಿ ನಿಂತಿದ್ದ ಮೊಬೈಲನ್ನು. ಅದರ ಮೂಲೆಯಲ್ಲೊಂದು ಕೆಂಪು ಚುಕ್ಕಿ ಉರಿಯುತ್ತಿತ್ತು. ಚುಕ್ಕಿ ಉರಿಯುವಷ್ಟು ಹೊತ್ತು ಅದು ನಮ್ಮ ಮಾತು ಕೇಳಿಸಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದರು. ಟೀಚರ ಕಣ್ಣು ಆ ಚುಕ್ಕಿಯಿಂದ ಕದಲಲೇ ಇಲ್ಲ. ಬಚ್ಚಲಮನೆಯಲ್ಲಿ ಹಾವು ಕಂಡವರು ಹಾಗೆ ನೋಡುತ್ತಾರೆ, ಕಣ್ಣು ತೆಗೆದರೆ ಎತ್ತ ಹರಿಯುತ್ತದೋ ಎಂದು.

ಟೀಚರು ತೀರಿಕೊಂಡು ಮೂರು ತಿಂಗಳಾಯಿತು. ಅವರ ಬಗ್ಗೆ ಬರೆಯಲು ಕೂತರೆ ಅವರು ಕಲಿಸಿದ ಪಾಠಗಳಾಗಲಿ, ಹಾಡಿಸಿದ ಪದ್ಯಗಳಾಗಲಿ ಮೊದಲು ನೆನಪಾಗುವುದಿಲ್ಲ. ಆ ಕೋಣೆ ನೆನಪಾಗುತ್ತದೆ. ಅಲ್ಲಿ ನಾನು ಪಟ್ಟ ಹೆದರಿಕೆ, ಅದಕ್ಕಿಂತ ಹೆಚ್ಚಾಗಿ ಅವರು ಪಟ್ಟ ಹೆದರಿಕೆ.

ನಮ್ಮದು ಸಾಲುಮನೆ. ಅವರ ಅಡುಗೆಮನೆಯ ಗೋಡೆಯೇ ನಮ್ಮ ನಡುಮನೆಯ ಗೋಡೆ. ಮದುವೆಯಾಗದೆ ಉಳಿದವರು. ಮೊದಲು ಕೆರೆಕಟ್ಟೆಯಲ್ಲಿ, ಆಮೇಲೆ ಬಹಳ ವರ್ಷ ಎನ್.ಆರ್. ಪುರದಲ್ಲಿ, ಕೊನೆಗೆ ಕೊಪ್ಪದಲ್ಲಿ ಪ್ರೈಮರಿ ಶಾಲೆಯ ಮಕ್ಕಳಿಗೆ ಕಲಿಸಿ ನಿವೃತ್ತರಾಗಿದ್ದರು. ಎತ್ತರದ ಹೆಂಗಸು, ಗಟ್ಟಿ ಗಂಟಲು. ಸೊಪ್ಪಿನವನನ್ನು ಕರೆದರೆ ಅವನ ಜೊತೆಗೆ ಆಚೆ ಬೀದಿಯ ಮೀನಿನವನೂ ಗಾಡಿ ನಿಲ್ಲಿಸುತ್ತಿದ್ದ. ಇಷ್ಟು ಗಟ್ಟಿ ಮಾತಿನವರು ಒಂದು ಕಡೆ ಮಾತ್ರ ಸುತ್ತಿ ಬಳಸಿ ಮಾತಾಡುತ್ತಿದ್ದರು. ಕೆಟ್ಟದ್ದನ್ನು, ಕೊರತೆಯನ್ನು, ಕಾಯಿಲೆಯನ್ನು ಯಾರ ಹೆಸರಿಗೂ ಅಂಟಿಸಿ ಹೇಳುತ್ತಿರಲಿಲ್ಲ. ಅವರ ಬಾಯಲ್ಲಿ ಅದೆಲ್ಲ ಆಗುತ್ತಿದ್ದುದು "ಒಬ್ಬರಿಗೆ".

"ಒಬ್ಬರು ಇವತ್ತು ಮಗ್ಗಿ ಕಲಿತು ಬಂದಿಲ್ಲ" ಎಂದು ತರಗತಿಯಲ್ಲಿ ಹೇಳಿ ಕಿಟಕಿಯ ಕಡೆ ನೋಡುತ್ತಾ ನಿಲ್ಲುತ್ತಿದ್ದರಂತೆ. ಕಲಿಯದೆ ಬಂದದ್ದು ಯಾರೆಂದು ಇಡೀ ತರಗತಿಗೆ ಗೊತ್ತು, ಆ ಒಬ್ಬರಿಗಂತೂ ಕಿವಿಯೆಲ್ಲ ಕೆಂಪು. ನಮ್ಮ ಸಾಲಿನಲ್ಲೂ ಹಾಗೇ. ನಾನು ಸಾರಿಗೆ ಉಪ್ಪು ಜಾಸ್ತಿ ಹಾಕಿ ಕೊಟ್ಟ ದಿನ ಪಾತ್ರೆ ತೊಳೆದು ವಾಪಸು ತಂದವರು, ಒಬ್ಬರ ಮನೆಯಲ್ಲಿ ಉಪ್ಪು ಪುಕ್ಕಟೆ ಸಿಗುತ್ತದಂತೆ ಎಂದು ಗೋಡೆಗೆ ಹೇಳಿ ಹೋದರು. ನಮ್ಮ ಮನೆಯವರು ಅದನ್ನು ಕೇಳಿ ಊಟದ ಹೊತ್ತಿಗೆಲ್ಲ "ಒಬ್ಬರಿಗೆ ಇನ್ನೊಂದು ಸೌಟು ಅನ್ನ ಬೇಕು" ಎಂದು ಅಣಕಿಸುವುದನ್ನು ಅಭ್ಯಾಸ ಮಾಡಿಕೊಂಡರು.

ನಗುವುದಕ್ಕೆ ಇದ್ದದ್ದು ಅಷ್ಟೇ. ಅದರ ಬೇರು ಹೆದರಿಕೆಯಲ್ಲಿತ್ತು. ಕೆರೆಕಟ್ಟೆಯಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಶಾಲೆಯ ಕಟ್ಟೆಯಿಂದ ಪದೇ ಪದೇ ಧುಮುಕುತ್ತಿದ್ದ ಒಂದು ಹುಡುಗಿಗೆ ಅವರು ಹೆಸರು ಹಿಡಿದು ಕೂಗಿದ್ದರಂತೆ, ನೋಡ್ತಾ ಇರು, ಬಿದ್ದು ಕಾಲು ಮುರ್ಕೊಳ್ತೀಯ ಎಂದು. ಮಾರನೆಯ ದಿನ ಆ ಹುಡುಗಿ ಬಿದ್ದು ಕಾಲು ಮುರಿದುಕೊಂಡಳು. ಅದೇ ಕಾಲನ್ನು ಎಳೆಯುತ್ತಾ ಅವಳು ಮತ್ತೆ ಶಾಲೆಗೆ ಬಂದದ್ದನ್ನು ಟೀಚರು ಹೇಳುವಾಗ ದನಿ ಇಳಿಯುತ್ತಿತ್ತು. ನಮ್ಮ ಕಡೆ ಹಿರಿಯರು ಮುಸ್ಸಂಜೆ ಹೊತ್ತಲ್ಲಿ ಕೆಟ್ಟ ಮಾತಾಡಲು ಬಿಡುವುದಿಲ್ಲ. ಅಸ್ತು ದೇವತೆಗಳು ತಲೆಯ ಮೇಲೆ ಓಡಾಡುತ್ತಿರುತ್ತಾರೆ, ನಾವು ಆಡಿದ್ದಕ್ಕೆ "ಅಸ್ತು", ಹಾಗೇ ಆಗಲಿ ಎಂದುಬಿಡುತ್ತಾರೆ ಎಂಬ ನಂಬಿಕೆ. ನಾವೆಲ್ಲ ಅದನ್ನು ಅರ್ಧ ನಂಬಿ ಅರ್ಧ ಮರೆತವರು. ಟೀಚರು ಪೂರ್ತಿ ನಂಬಿದ್ದರು. ಮುಸ್ಸಂಜೆ ಒಂದೇ ಅಲ್ಲ, ಅವರ ಪಾಲಿಗೆ ಹಗಲಿಡೀ ಯಾರೋ ಕೇಳಿಸಿಕೊಳ್ಳುತ್ತಿದ್ದರು. ಕಾಯಿಲೆಗೆ ಹೆಸರು ಕೂಡಿಸಿ ಹೇಳಿದರೆ ವಿಳಾಸ ಬರೆದು ಕೊಟ್ಟ ಹಾಗೆ ಎನ್ನುತ್ತಿದ್ದರು.

ಇಂಥವರು ನಮ್ಮ ಸಾಲಿನ ಹೆಂಗಸರಿಗೆಲ್ಲ ಆಸ್ಪತ್ರೆಯ ಜೊತೆಗಾತಿ. ಯಾಕೆಂದರೆ ಡಾಕ್ಟರ ಎದುರು ನಮಗೆ ನಾಲಿಗೆ ಏಳುತ್ತಿರಲಿಲ್ಲ. ಗಂಡಸು ಡಾಕ್ಟರ ಹತ್ತಿರ ಹೊಟ್ಟೆ ಕೆಳಗಿನದ್ದು ಹೇಳುವುದು ಹೇಗೆ. "ಇಲ್ಲಿ" ಎಂದು ಕೈ ತೋರಿಸುವುದು, "ಒಂಥರಾ ಆಗುತ್ತೆ" ಎನ್ನುವುದು, ನಮ್ಮ ವೈದ್ಯಶಾಸ್ತ್ರ ಅಷ್ಟರಲ್ಲೇ ಮುಗಿಯುತ್ತಿತ್ತು. ಟೀಚರು ಜೊತೆಗಿದ್ದರೆ ಒಬ್ಬರಿಗೆ ತಿಂಗಳ ಮುಟ್ಟು ಹತ್ತು ದಿನವಾದರೂ ನಿಲ್ಲುತ್ತಿಲ್ಲ ಎಂದು ಪಾಠ ಒಪ್ಪಿಸಿದ ಹಾಗೆ ಹೇಳುತ್ತಿದ್ದರು. ಹಿಂದಿನ ಮುದಿ ಡಾಕ್ಟರು ಇವರ ಧಾಟಿಗೆ ಒಗ್ಗಿಹೋಗಿದ್ದರು. ಮೆಣಸೆಯ ಕಡೆಯಿಂದ ಒಂದೇ ಜೀಪಿನಲ್ಲಿ ಬಂದ ತಮ್ಮ ನೆಂಟರ ಪೈಕಿ ಮೂವರು ಹೆಂಗಸರನ್ನು ಟೀಚರು ಒಟ್ಟಿಗೆ ಒಳಗೆ ಕರೆದುಕೊಂಡು ಹೋಗಿ, ಒಬ್ಬರಿಗೆ ಹೀಗೆ, ಇನ್ನೊಬ್ಬರಿಗೆ ಹಾಗೆ, ಮತ್ತೊಬ್ಬರಿಗೆ ಎರಡೂ ಎಂದು ಹೇಳಿದ್ದನ್ನು ನಾನೇ ಕಂಡಿದ್ದೇನೆ. ಮುದಿ ಡಾಕ್ಟರು ಕನ್ನಡಕದ ಮೇಲಿಂದ ಮೂರೂ ಮುಖ ನೋಡಿ, ಯಾವ ಮಾತಿಗೆ ಯಾರು ನೆಲ ನೋಡಿದರು ಎಂಬುದರ ಮೇಲೆ ಮೂರು ಚೀಟಿ ಬರೆದು ಕೊಟ್ಟರು. ಮೂವರಿಗೂ ವಾಸಿಯಾಯಿತು.

ಆ ಡಾಕ್ಟರು ಕಣ್ಣು ಮಂಜಾಗಿ ಮಗಳ ಮನೆಗೆ ಹೋದ ಮೇಲೆ ಈ ಹೊಸಬರು ಬಂದರು. ವಯಸ್ಸು ಕಡಿಮೆ, ಬಯಲುಸೀಮೆಯ ಮಾತು, ಒಳ್ಳೆಯ ಮನುಷ್ಯ. ಮೊದಲ ದಿನವೇ ಮೊಬೈಲು ತೋರಿಸಿ ತಿಳಿಸಿ ಹೇಳಿದರು. ಇದು ಎಐ, ನಾವು ಆಡಿದ್ದನ್ನು ಕೇಳಿಸಿಕೊಂಡು ತಾನೇ ಟಿಪ್ಪಣಿ ಬರೆಯುತ್ತದೆ, ಆಮೇಲೆ ನಾನು ಓದಿ ಸರಿ ಮಾಡಿ ಇಟ್ಟುಕೊಳ್ಳುತ್ತೇನೆ, ಹೀಗಾಗಿ ತಲೆ ಬಗ್ಗಿಸಿ ಬರೆಯುವ ಬದಲು ನಿಮ್ಮ ಮುಖ ನೋಡಿ ಮಾತಾಡಬಹುದು ಎಂದರು. ಬೇಡವೆಂದರೆ ಆಫ್ ಮಾಡುತ್ತೇನೆ ಎಂದೂ ಕೇಳಿದರು. ಡಾಕ್ಟರು ಕೇಳಿದ್ದಕ್ಕೆ ಬೇಡ ಎನ್ನುವುದುಂಟೇ. ನಾವು ತಲೆಯಾಡಿಸಿದೆವು.

"ತಲೆಯಾಡಿಸಿದ್ರೆ ಇದಕ್ಕೆ ಕಾಣ್ಸಲ್ಲಮ್ಮ. ಬಾಯಲ್ಲಿ ಹೇಳ್ಬೇಕು. ಯಾರಿಗೆ, ಎಲ್ಲಿ, ಎಡಕ್ಕೋ ಬಲಕ್ಕೋ, ಯಾವಾಗಿಂದ. ಒಬ್ಬೊಬ್ರೇ ಮಾತಾಡಿ."

ಟೀಚರು ಹೊರಗೆ ಬಂದವರೇ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ನಿಂತು ಕೇಳಿದರು. "ಎಂತ ಮಾರಾಯ್ತಿ ಇದು. ಕೇಳಿಸ್ಕೊಳ್ಳುತ್ತೆ, ಬರ್ಕೊಳ್ಳುತ್ತೆ, ಹೆಸ್ರೂ ಹಾಕ್ಕೊಳ್ಳುತ್ತೆ. ಇಷ್ಟು ದಿನ ಅಸ್ತು ಅನ್ನೋರು ತಲೆ ಮೇಲಿದ್ರು. ಈಗ ಮೇಜಿನ ಮೇಲೇ ಬಂದು ಕೂತ್ರಲ್ಲ."

ನಾನು ನಕ್ಕೆ. ಅವರು ನಗಲಿಲ್ಲ. ಆ ದಿನದಿಂದ ಮನೆಯಲ್ಲೂ ಮೊಬೈಲನ್ನು ಅಕ್ಕಿ ಡಬ್ಬದ ಮೇಲೆ ಮುಖ ಕೆಳಗೆ ಮಾಡಿ ಇಡತೊಡಗಿದರು. ನನ್ನ ಮೊಬೈಲು ಮಡಿಲಲ್ಲಿದ್ದರೆ, ಯಾರಿಗಾದರೂ ಹುಷಾರಿಲ್ಲದ ಸುದ್ದಿ ಹೇಳುವ ಮುಂಚೆ ಅದನ್ನು ಒಳಗಿಟ್ಟು ಬಾ ಎನ್ನುತ್ತಿದ್ದರು.

ಹೀಗಿರುವಾಗ ನನಗೆ ಹುಳಿತೇಗು ಜಾಸ್ತಿಯಾಗಿ, ಸಣ್ಣಗೆ ತಲೆಸುತ್ತು ಬಂದು, ಮಂಗಳವಾರ ಡಾಕ್ಟರ ಹತ್ತಿರ ಹೋದದ್ದು. ಮೊದಲು ಹೇಳಿದ ಕೋಣೆಯ ದಿನ ಅದೇ. ನನ್ನ ಸಂಗತಿಯನ್ನು ಟೀಚರು ತಮ್ಮ ಧಾಟಿಯಲ್ಲಿ ಹೇಳಿದರು. ಡಾಕ್ಟರು ನನ್ನ ಕಡೆ ತಿರುಗಿ ನಿಮಗೇ ತಾನೆ ಎಂದು ಕೇಳಿ, ನನ್ನ ಬಾಯಲ್ಲೂ ಒಮ್ಮೆ ಹೌದು ಅನ್ನಿಸಿಕೊಂಡರು. ಬಿ.ಪಿ., ತೂಕ ನೋಡಲು ನರ್ಸು ನನ್ನನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋದಳು. ಅಷ್ಟರಲ್ಲಿ ಹೊರಗೆ ಗಲಾಟೆ, ಕತ್ತಿ ತಾಗಿ ಅಂಗೈ ಕುಯ್ದುಕೊಂಡವನೊಬ್ಬನನ್ನು ಟವೆಲು ಸುತ್ತಿ ತಂದಿದ್ದರು. ಡಾಕ್ಟರು ಒಂದು ನಿಮಿಷ ಬಂದೆ ಎಂದು ಓಡಿದರು. ಹೊಲಿಗೆ ಹಾಕಿ ಬರಲು ಅವರಿಗೆ ಸಾಕಷ್ಟು ಹೊತ್ತು ಹಿಡಿಯಿತು. ಟೀಚರೊಬ್ಬರೇ ಒಳಗಿದ್ದರು. ನಾವು ಮರಳಿದಾಗ ಅವರು ಕುರ್ಚಿಯನ್ನು ಮೇಜಿಗೆ ಸ್ವಲ್ಪ ಹತ್ತಿರ ಎಳೆದುಕೊಂಡಂತೆ ಕಂಡಿತು. ನಾನು ಅದಕ್ಕೆ ಅರ್ಥ ಹುಡುಕಲಿಲ್ಲ. ಗ್ಯಾಸಿನ ಮಾತ್ರೆ ತೆಗೆದುಕೊಂಡು ಇಬ್ಬರೂ ಮನೆಗೆ ಬಂದೆವು.

ಸಂಜೆ ಕ್ಲಿನಿಕ್ಕಿನಿಂದ ನರ್ಸು ಫೋನ್ ಮಾಡಿದಳು. ಡಾಕ್ಟರು ಟಿಪ್ಪಣಿ ಓದಿದ್ದಾರೆ, ನಾಳೆ ಬೆಳಿಗ್ಗೆಯೇ ಬರಬೇಕಂತೆ, ಇಸಿಜಿ ಮಾಡಬೇಕಂತೆ, ಅಲ್ಲಿಯವರೆಗೆ ಭಾರ ಎತ್ತಬಾರದಂತೆ, ಏರು ಹತ್ತಬಾರದಂತೆ.

ಇಸಿಜಿ ಎಂದರೆ ಹೃದಯ ಎಂದು ಯಾರಿಗೆ ಗೊತ್ತಿಲ್ಲ. ನಾನು ಹುಳಿತೇಗಿಗೆ ಹೋದವಳು, ಹೃದಯ ಎಲ್ಲಿಂದ ಬಂತು. ಯೋಚಿಸಿದಷ್ಟೂ ನನಗೆ ಕಂಡದ್ದು ಒಂದೇ ದಾರಿ: ನಾನು ಹೇಳದ್ದನ್ನೂ ಅದು ಕೇಳಿಸಿಕೊಂಡಿದೆ. ನನ್ನ ದನಿಯಲ್ಲಿ, ಉಸಿರಿನಲ್ಲಿ ನನಗೇ ತಿಳಿಯದೆ ಕೂತಿದ್ದ ಕಾಯಿಲೆ ಯಂತ್ರಕ್ಕೆ ತಿಳಿದುಹೋಗಿದೆ. ಮನುಷ್ಯರು ಹೇಳಿದ್ದರೆ ಇರಲಿಕ್ಕಿಲ್ಲ ಎನ್ನಬಹುದಿತ್ತು. ಯಂತ್ರಕ್ಕೆ ನನ್ನ ಮೇಲೆ ಹಗೆಯೂ ಇಲ್ಲ, ದಾಕ್ಷಿಣ್ಯವೂ ಇಲ್ಲ. ಅದು ಯಾಕೆ ಸುಳ್ಳು ಹೇಳುತ್ತದೆ.

ಹಾಗೆ ಅಂದುಕೊಂಡ ಕ್ಷಣದಿಂದ ಎದೆ ನಿಜವಾಗಿಯೂ ಬಿಗಿಯತೊಡಗಿತು. ಎಡಗೈ ಜೋಮು ಹಿಡಿದ ಹಾಗೆ. ನೀರಿನ ಕೊಡ ಮುಟ್ಟಲು ಭಯ, ಮೆಟ್ಟಿಲು ನೋಡಿದರೆ ಭಯ. ಬೆಳಿಗ್ಗೆ ಡಾಕ್ಟರು ಎದೆ ಬಿಗಿಯುತ್ತಾ ಎಂದು ಕೇಳಿದಾಗ ನಾನು ಹೌದು ಎಂದೆ. ಕೈಗೆ ಇಳಿಯುತ್ತಾ, ಹೌದು. ಇಸಿಜಿ ಸರಿಯಾಗಿಯೇ ಬಂತು. ಆದರೆ ನೋವಿನ ರೀತಿ ನೋಡಿದರೆ ಇದೊಂದನ್ನೇ ನಂಬಿ ಕೂರಲಾಗುವುದಿಲ್ಲ, ಶಿವಮೊಗ್ಗದಲ್ಲಿ ತೋರಿಸಿ, ಶುಕ್ರವಾರ ಬನ್ನಿ, ಅಲ್ಲಿಯ ಡಾಕ್ಟರಿಗೆ ಪತ್ರ ಬರೆದು ಕೊಡುತ್ತೇನೆ ಎಂದರು. ತೊಡೆಯಿಂದಲೋ ಮಣಿಕಟ್ಟಿನಿಂದಲೋ ತಂತಿ ಹಾಕಿ ನೋಡುತ್ತಾರಂತೆ. ನಮ್ಮ ಮನೆಯವರು ಅಣಕಿಸುವುದನ್ನು ಬಿಟ್ಟು, ಕಾರಿನವನ ಹತ್ತಿರ ಮಾತಾಡಿ ಬಂದರು. ನನ್ನ ತಟ್ಟೆಯ ಪಕ್ಕ ತಾವೇ ನೀರು ತಂದಿಟ್ಟರು. ಅದನ್ನು ಕಂಡು ನನ್ನ ಹೆದರಿಕೆ ಇನ್ನೂ ಹೆಚ್ಚಾಯಿತು.

ಇನ್ನು ಟೀಚರು. ಸುದ್ದಿ ಕೇಳಿದವರು ಅಲ್ಲೇ ಗೋಡೆ ಹಿಡಿದು ನಿಂತರು. ಧೈರ್ಯ ಹೇಳುತ್ತಾರೆ ಎಂದು ಕಾದೆ, ಹೇಳಲಿಲ್ಲ. ಎಂತ ಅಂತ ಬರ್ದಿದೆಯಂತೆ ಅದ್ರಲ್ಲಿ ಎಂದು ಎರಡು ಸಲ ಕೇಳಿದರು. ನನಗೆ ಗೊತ್ತಿರಲಿಲ್ಲ. ಆಮೇಲೆ ಅವರ ಮನೆಯಿಂದ ಸದ್ದೇ ಇಲ್ಲ. ಗೋಡೆಯಾಚೆ ಒಗ್ಗರಣೆಯ ಸದ್ದಿಲ್ಲ, ಸೊಪ್ಪಿನವನನ್ನು ಕರೆದ ಸದ್ದಿಲ್ಲ. ಗುರುವಾರ ಯಾರಿಗೂ ಹೇಳದೆ ಬಸ್ಸು ಹತ್ತಿ ಶೃಂಗೇರಿಗೆ ಹೋಗಿ ಬಂದರು. ಮಧ್ಯಾಹ್ನ ನಾನು ಜಗುಲಿಯಲ್ಲಿ ಕೂತಿದ್ದಾಗ, ಬಸ್‌ಸ್ಟ್ಯಾಂಡಿನ ಕಡೆಯಿಂದ ನಮ್ಮ ಬೀದಿಗೆ ಏರುವ ದಾರಿಯಲ್ಲಿ ಅವರು ಬರುವುದು ಕಾಣಿಸಿತು. ನಾಲ್ಕು ಹೆಜ್ಜೆ, ನಿಲ್ಲುವುದು. ಇನ್ನು ನಾಲ್ಕು ಹೆಜ್ಜೆ, ಯಾರದೋ ಗೇಟು ಹಿಡಿದು ನಿಲ್ಲುವುದು. ನನಗಾಗಿ ಉಪವಾಸ ಇದ್ದು ಸುಸ್ತಾಗಿದ್ದಾರೆ ಅಂದುಕೊಂಡೆ. ಹತ್ತಿರ ಬಂದು ನನ್ನ ಅಂಗೈಯಲ್ಲಿ ಕುಂಕುಮದ ಪೊಟ್ಟಣ ಇಟ್ಟರು. ಅವರ ಬೆರಳು ಬಾವಿನೀರಿನ ಹಾಗೆ ತಣ್ಣಗಿತ್ತು.

"ಈಗ ಹೇಗಿದೆ ನಿಂಗೆ? ನಿಜ ಹೇಳು."

ಬಿಗಿಯುತ್ತದೆ ಟೀಚರೆ ಎಂದೆ. ಅವರ ಮುಖದಲ್ಲಿದ್ದ ರಕ್ತವೆಲ್ಲ ಇಳಿದು ಹೋದ ಹಾಗೆ ಕಂಡಿತು.

ಶುಕ್ರವಾರ ಬೆಳಿಗ್ಗೆ ನಾನು, ನಮ್ಮ ಮನೆಯವರು ಹೊರಡುವಾಗ ಟೀಚರು ಕರೆಯದೆಯೇ ಬಂದು ಕಾರಿನಲ್ಲಿ ಕೂತರು. ಕ್ಲಿನಿಕ್ಕಿನ ಮುಂದೆ ನಮ್ಮ ಮನೆಯವರು ಕಾರಿನ ಹತ್ತಿರ ಉಳಿದರು, ನಾವಿಬ್ಬರು ಒಳಗೆ ಹೋದೆವು. ಡಾಕ್ಟರು ಶಿವಮೊಗ್ಗದವರಿಗೆ ಪತ್ರ ಬರೆಯುವ ಮೊದಲು ಒಂದು ಸಲ ಸರಿ ನೋಡಿಕೊಳ್ಳುತ್ತೇನೆ ಎಂದು ಟಿಪ್ಪಣಿಯನ್ನು ಗಟ್ಟಿಯಾಗಿ ಓದಿದರು.

ಏರು ಹತ್ತುವಾಗ ಎದೆ ಬಿಗಿಯುತ್ತದೆ. ನಡುವೆ ಕಲ್ಲು ಇಟ್ಟ ಹಾಗಾಗುತ್ತದೆ. ಎಡ ಭುಜದಿಂದ ಕೈಗೆ ಇಳಿಯುತ್ತದೆ. ನಿಂತರೆ ಹೋಗುತ್ತದೆ, ನಡೆದರೆ ಮತ್ತೆ ಬರುತ್ತದೆ. ದೀಪಾವಳಿಯ ನಂತರ ಶುರುವಾಗಿದ್ದು, ಈಗ ಸ್ನಾನ ಮಾಡಿದರೂ ಬರುತ್ತಿದೆ. ಯಾರಿಗೂ ಹೇಳಿಲ್ಲ.

ನಾನು ತಡೆದೆ. "ದೀಪಾವಳಿಯಿಂದ ಅಲ್ಲ ಡಾಕ್ಟ್ರೆ. ನೀವು ಫೋನ್ ಮಾಡಿಸಿದ ಸಂಜೆಯಿಂದ."

"ಮತ್ತೆ ಇದನ್ನ ನೀವೇ ಹೇಳಿದ್ರಲ್ಲ? ನಾನು ಹೊಲಿಗೆ ಹಾಕಕ್ಕೆ ಹೋದಾಗ ಹೇಳಿರ್ಬೇಕು ಅನ್ಕೊಂಡೆ. ಚುಕ್ಕಿ ಆರಿಸೋದು ಮರ್ತಿದ್ದೆ."

ಆಗ ನಾನು ಪಕ್ಕದ ಕೋಣೆಯಲ್ಲಿ ತೂಕದ ಯಂತ್ರದ ಮೇಲೆ ನಿಂತಿದ್ದೆ ಎಂದೆ. ಡಾಕ್ಟರು ಪೆನ್ನು ಕೆಳಗಿಟ್ಟರು. ಇಬ್ಬರೂ ಒಟ್ಟಿಗೆ ಟೀಚರ ಕಡೆ ತಿರುಗಿದೆವು.

ಅವರು ಕೊಡೆಯ ಹಿಡಿ ಬಿಗಿಯಾಗಿ ಹಿಡಿದು ಕೂತಿದ್ದರು. ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಿದ ಮಗುವಿನ ಹಾಗಿತ್ತು ಅವರ ಮುಖ. ನನಗೆ ಆಗಲೂ ಪೂರ್ತಿ ತಿಳಿಯಲಿಲ್ಲ. ಅವರು ಹೇಳುವವರೆಗೆ ತಿಳಿಯಲು ಮನಸ್ಸಾಗಲಿಲ್ಲ ಎಂದರೂ ಸರಿ.

"ಅದು ಅವಳದ್ದಲ್ಲ," ಎಂದರು. "ಅವಳಿಗೆ ತಂತಿ ಹಾಕ್ಬೇಡಿ."

ಡಾಕ್ಟರು ಮೊಬೈಲು ಎತ್ತಿಕೊಂಡು, ನನ್ನ ಹೆಸರಿನ ಪುಟ ಮುಚ್ಚಿ ಹೊಸದೊಂದನ್ನು ತೆರೆದರು. ಟೀಚರ ಹೆಸರು, ವಯಸ್ಸು ಕೇಳಿ ಹಾಕಿಕೊಂಡರು. ಸ್ಟ್ಯಾಂಡಿಗೆ ಒರಗಿಸಿ ಅವರ ಕಡೆ ತಿರುಗಿಸಿದರು. ಕೆಂಪು ಚುಕ್ಕಿ ಹತ್ತಿಕೊಂಡಿತು.

"ಈಗ ನಿಧಾನಕ್ಕೆ ಹೇಳಿ ಟೀಚರೆ. ಯಾರಿಗೆ?"

ಹೊರಗೆ ಬೆಂಚಿನ ಮೇಲೆ ಕೂತವರು ಕೆಮ್ಮುವುದು ಕೇಳುತ್ತಿತ್ತು. ಟೀಚರು ನನ್ನ ಕೈ ಹಿಡಿದುಕೊಂಡರು. ಉಗುರು ನಾಟಿತು.

"ನನಗೆ."

ಒಂದೇ ಮಾತು. ಅದನ್ನು ಹೇಳಿ ತಲೆ ಸ್ವಲ್ಪ ಮೇಲೆತ್ತಿ ಸೂರಿನ ಕಡೆ ನೋಡಿದರು. ಯಾರೋ ಉತ್ತರ ಕೊಡುತ್ತಾರೆ ಎಂದು ಕಾಯುವ ಹಾಗೆ. ಫ್ಯಾನು ತಿರುಗುತ್ತಿತ್ತು, ಅಷ್ಟೇ. ಆಮೇಲೆ ಉಕ್ತಲೇಖನ ಬರೆಸುವ ದನಿಯಲ್ಲಿ, ಮಾತು ಮಾತಿಗೂ ಬಿಡುವು ಕೊಟ್ಟು, ಎಲ್ಲವನ್ನೂ ಹೇಳಿದರು. ನನಗೆ ಎಡ ಭುಜ. ನನಗೆ ದೀಪಾವಳಿ ಕಳೆದ ಮೇಲೆ. ನನಗೆ ನಿನ್ನೆ ಶೃಂಗೇರಿಯಲ್ಲಿ ಬಸ್ಸು ಇಳಿದು ನಡೆಯುವಾಗ ಎರಡು ಸಲ. ಪ್ರತಿ ಸಲ "ನನಗೆ" ಎನ್ನುವಾಗಲೂ ನನ್ನ ಕೈಯ ಮೇಲೆ ಅವರ ಹಿಡಿತ ಬಿಗಿಯಾಗುತ್ತಿತ್ತು.

ನನ್ನ ತಲೆಯ ಮೇಲಿಂದ ಕಾಯಿಲೆ ಇಳಿದುಹೋಗಿತ್ತು. ಹಗುರವಾಗಬೇಕಿತ್ತು. ಆದರೆ ಅದು ಎಲ್ಲಿ ಇಳಿಯಿತು ಎಂಬುದನ್ನು ಪಕ್ಕದಲ್ಲೇ ಕೂತು ನೋಡುತ್ತಿದ್ದೆನಲ್ಲ, ಮೂರು ದಿನ ಪಟ್ಟ ಹೆದರಿಕೆ ಅದರ ಮುಂದೆ ಏನೂ ಅಲ್ಲ ಅನ್ನಿಸಿತು.

ಅವರ ಇಸಿಜಿಯ ಕಾಗದ ಹೊರಗೆ ಬರುತ್ತಿದ್ದ ಹಾಗೇ ಡಾಕ್ಟರು ನರ್ಸನ್ನು ಕರೆದರು. ಮಾತ್ರೆ ಅಗಿಯಲು ಕೊಟ್ಟರು, ಮಲಗಿಸಿದರು, ಆಂಬುಲೆನ್ಸಿಗೆ ತಾವೇ ಫೋನ್ ಮಾಡಿದರು. ನನಗಾಗಿ ಗೊತ್ತು ಮಾಡಿದ್ದ ಕಾರಿನಲ್ಲಿ ನಮ್ಮ ಮನೆಯವರು ಹಿಂದೆ ಬಂದರು. ಆಂಬುಲೆನ್ಸಿನಲ್ಲಿ ಟೀಚರ ತಲೆಯ ಹತ್ತಿರ ನಾನು.

ಎನ್.ಆರ್. ಪುರದ ಪೇಟೆ ದಾಟುವಾಗ ಕಣ್ಣು ಮುಚ್ಚಿದ್ದರು. ಅವರು ಕಲಿಸಿದ ಶಾಲೆಯ ಗೇಟಿನ ಮುಂದೆಯೇ ಹೋದೆವು, ನಾನು ಹೇಳಲಿಲ್ಲ. ಊರು ದಾಟಿ ಕಾಡು ಶುರುವಾಗಿ, ಮೊಬೈಲಿನ ಸಿಗ್ನಲ್ಲು ಹೋಯಿತು. ಹಗಲಲ್ಲೂ ಆ ದಾರಿಯಲ್ಲಿ ಆನೆ ನಿಂತಿರುತ್ತದೆ ಎನ್ನುತ್ತಾರೆ. ಪ್ರತಿ ತಿರುವಿನಲ್ಲೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ಅಲ್ಲಿ ಅವರು ಆಕ್ಸಿಜನ್ ಮಾಸ್ಕನ್ನು ಬೆರಳಿನಿಂದ ಸರಿಸಿ ಮಾತಾಡಿದರು.

"ಹೇಳಿದ್ದಕ್ಕೆ ಹೀಗಾಯ್ತೋ, ಹೀಗಾಗಿದ್ದಕ್ಕೆ ಹೇಳಿದ್ನೋ?"

"ದೀಪಾವಳಿಯಿಂದ ಇತ್ತಲ್ಲ ಟೀಚರೆ. ಆಗ ಯಾರ ಹತ್ರ ಹೇಳಿದ್ರಿ?"

ಟೀಚರು ಮಂಗಳವಾರ ಆ ಕೋಣೆಯಲ್ಲಿ ಒಬ್ಬರೇ ಇದ್ದಾಗ ಏನಾಯಿತೆಂದು ತಡೆದು ತಡೆದು ಹೇಳಿದರು. ಅದಕ್ಕೆ ಹೆದರುತ್ತಲೇ ಹತ್ತಿರ ಹೋದರಂತೆ. ಮನುಷ್ಯರಿಗೆ ಹೇಳಿದರೆ ಅವರ ಮುಖ ಬಾಡುವುದನ್ನು ನೋಡಬೇಕು, ಇದಕ್ಕೆ ಮುಖವಿಲ್ಲ. ಒಬ್ಬರಿಗೆ ಹೀಗೆ ಹೀಗೆ ಆಗುತ್ತೆ ಎಂದು ಹೇಳಿಟ್ಟರೆ ಹಿಂದಿನ ಡಾಕ್ಟರ ಹಾಗೆ ಅದೂ ಒಬ್ಬರು ಎಂದೇ ಇಟ್ಟುಕೊಳ್ಳುತ್ತದೆ, ಡಾಕ್ಟರು ಓದಿ, ಇಂಥ ಒಬ್ಬರಿಗೆ ಏನು ಮಾಡಬೇಕು ಎಂದು ಯಾವತ್ತಾದರೂ ಮಾತಿಗೆ ಹೇಳಿಯಾರು ಎಂದುಕೊಂಡಿದ್ದರು. ಯಾರದ್ದೂ ಅಲ್ಲದ ನೋವು ಹಾಗೇ ಉಳಿಯಲು ಅಲ್ಲಿ ಜಾಗವಿಲ್ಲ, ತೆರೆದಿಟ್ಟ ಪುಟದಲ್ಲಿ ಯಾರ ಹೆಸರಿದೆಯೋ ಅವರಿಗೇ ಹೋಗಿ ಕೂರುತ್ತದೆ ಎಂದು ಅವರಿಗೆ ಹೊಳೆದಿರಲಿಲ್ಲ.

"ನಿಂಗೆ ಬಿಗಿಯುತ್ತೆ ಅಂದ್ಯಲ್ಲ ಮಾರಾಯ್ತಿ ನಿನ್ನೆ," ಎಂದರು. "ನಾನೇ ತಗೊಂಡು ಹೋಗಿ ನಿಂಗೆ ಹಚ್ಚಿದ ಹಾಗಾಯ್ತು. ಅದಕ್ಕಿಂತ ನಂಗೇ ಇರ್ಲಿ ಅನ್ನಿಸ್ತು."

ನಾನು ಮಾಸ್ಕನ್ನು ಸರಿ ಮಾಡಿ ಕೂರಿಸಿದೆ.

ಶಿವಮೊಗ್ಗದಲ್ಲಿ ಆ ದಿನವೇ ತಂತಿ ಹಾಕಿ, ರಕ್ತನಾಳ ಕಟ್ಟಿದ್ದ ಎರಡು ಕಡೆ ಸ್ಟೆಂಟು ಕೂರಿಸಿದರು. ಇನ್ನೊಂದು ವಾರ ತಡೆದಿದ್ದರೆ ಕಷ್ಟವಿತ್ತು ಎಂದರು ಅಲ್ಲಿಯವರು. ನನ್ನ ಎದೆ ಬಿಗಿತ ಯಾವಾಗ ಹೋಯಿತೋ ಗೊತ್ತಾಗಲಿಲ್ಲ. ಹುಳಿತೇಗು ಮಾತ್ರ ಇವತ್ತಿಗೂ ಇದೆ.

ಆಮೇಲೆ ಟೀಚರು ಎರಡು ವರ್ಷ ನಮ್ಮ ಪಕ್ಕದಲ್ಲೇ ಬದುಕಿದರು. ಅಸ್ತು ದೇವತೆಗಳ ಭಯ ಬಿಟ್ಟರು ಎಂದರೆ ಸುಳ್ಳು. ಡಾಕ್ಟರ ಕೋಣೆಗೆ ಹೋಗುವ ಮುನ್ನ ಸೆರಗಿನ ತುದಿಗೆ ಒಂದು ಗಂಟು ಹಾಕಿಕೊಳ್ಳುತ್ತಿದ್ದರು, ಬಂದು ಬಿಚ್ಚುತ್ತಿದ್ದರು. ಆದರೆ ಹೊರಗಿನ ಬೆಂಚೇ ಅವರಿಗೆ ಹೊಸ ತರಗತಿಯಾಯಿತು. ಕಿಗ್ಗದಿಂದಲೋ ಮೆಣಸೆಯಿಂದಲೋ ಬಂದ ಹೆಂಗಸರು ಕೂತಿದ್ದರೆ ಒಬ್ಬೊಬ್ಬರನ್ನೇ ಕೇಳುತ್ತಿದ್ದರು, ಒಳಗೆ ಹೋಗಿ ಏನು ಹೇಳುತ್ತೀಯ, ಹೇಳು ನೋಡೋಣ. ಇಲ್ಲಿ ಎಂದು ಯಾರಾದರೂ ಕೈ ತೋರಿಸಿದರೆ ಆ ಕೈಯನ್ನು ಮೆಲ್ಲಗೆ ಕೆಳಗಿಳಿಸುತ್ತಿದ್ದರು. ಇಲ್ಲಿ ಅಂದರೆ ಎಲ್ಲಿ, ಅದಕ್ಕೆ ಹೆಸರಿಲ್ಲವಾ. ಎಡವಾ ಬಲವಾ. ಎಷ್ಟು ದಿನದಿಂದ. ನಿನ್ನ ಅತ್ತೆಯ ಮಂಡಿನೋವು ನಿನ್ನ ಮಾತಿನ ನಡುವೆ ತರಬೇಡ, ಅವರು ಬಂದಾಗ ಅವರು ಹೇಳಲಿ. ನುಂಗುವ ಮಾತ್ರೆಯ ಹೆಸರು ಗೊತ್ತಿಲ್ಲದಿದ್ದರೆ ಬಿಳಿ ಮಾತ್ರೆ ಅನ್ನಬೇಡ, ಶೀಟು ತಂದು ತೋರಿಸು, ಡಾಕ್ಟರು ಓದಿ ಹೇಳುತ್ತಾರೆ. ಬರೆದದ್ದನ್ನು ಒಂದು ಸಲ ಓದಿ 'ಹೌದಾ' ಅಂತ ಕೇಳಿ ಎಂದು ಡಾಕ್ಟರಿಗೂ ತಾಕೀತು ಮಾಡಿದ್ದರು. ಅವರೂ ಪಾಪ, ಕೋಣೆಯಿಂದ ಏಳುವಾಗಲೆಲ್ಲ ಚುಕ್ಕಿ ಆರಿಸಿಯೇ ಏಳುತ್ತಿದ್ದರು.

ಒಮ್ಮೆ ಕೇಳಿದೆ, ಈಗ ಹೆದರಿಕೆ ಇಲ್ಲವಾ ಟೀಚರೆ ಎಂದು. ಇದೆ ಎಂದರು. ಹೆದರಿಕೆ ಇರುವವರೇ ಸರಿಯಾಗಿ ಹೇಳುವುದು, ಇಲ್ಲದವರು ಏನಾದರೊಂದು ಹೇಳಿ ಎದ್ದು ಬರುತ್ತಾರೆ ಎಂದರು.

ಮೂರು ತಿಂಗಳ ಹಿಂದೆ ಒಂದು ಬೆಳಿಗ್ಗೆ, ನಾನು ದೋಸೆ ಹುಯ್ಯುತ್ತಿದ್ದಾಗ ಗೋಡೆಯ ಆಚೆಯಿಂದ ಲೋಟದಲ್ಲಿ ಬಡಿದ ಸದ್ದು ಕೇಳಿತು. ಹೋದೆ. ಟೀಚರು ಅಡುಗೆಮನೆಯ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಮುಖವೆಲ್ಲ ಬೆವರು. ಒಲೆಯ ಮೇಲೆ ಹಾಲು ಇನ್ನೂ ಉಕ್ಕಿರಲಿಲ್ಲ. ನಾನು ಒಲೆ ಆರಿಸಿ ಡಾಕ್ಟರಿಗೆ ಫೋನ್ ಮಾಡಿದೆ, ಅವರು ಆಂಬುಲೆನ್ಸು ಕಳಿಸುತ್ತೇನೆ, ನಾನೂ ಬರುತ್ತೇನೆ ಎಂದರು. ಟೀಚರು ನನ್ನ ಸೀರೆಯ ಅಂಚು ಹಿಡಿದುಕೊಂಡರು.

"ಎಲ್ಲೂ ಹೋಗ್ಬೇಡ ಮಾರಾಯ್ತಿ. ಇಲ್ಲೇ ಕೂತಿರು."

ಕೂತೆ. ಅವರ ತಲೆ ನನ್ನ ಹೆಗಲ ಮೇಲೆ ಬಂತು. ಆಂಬುಲೆನ್ಸು ಬರುವವರೆಗೂ ಕೂತಿದ್ದೆ. ಡಾಕ್ಟರು ಬಂದು ನಾಡಿ ನೋಡಿ ಎದ್ದು ನಿಂತ ಮೇಲೂ ಸ್ವಲ್ಪ ಹೊತ್ತು ಕೂತಿದ್ದೆ.